ವಾಡಿ ಸುತ್ತಲಿನ ಕೆರೆ, ರೈಲು ದಾರಿ: ಮೂರು ನಕಾಶೆಗಳಲ್ಲಿ ಯಾವುದು ಬೇಕು?

ಕಲಬುರಗಿ ಜಿಲ್ಲೆಯ ರೈಲು ಜಂಕ್ಷನ್ ವಾಡಿಯಿಂದ ಯಾದಗಿರಿವರೆಗೆ ಹಳಿ ಆಜುಬಾಜಿನ ಹಳೇ ಕೆರೆಗಳನ್ನು ಬೈಕಿನಲ್ಲಿ ಹುಡುಕಿಕೊಂಡು ಹೋಗುವುದು ನನ್ನ ಭಾನುವಾರದ ಚಟ. ಅದಕ್ಕೆ ಕೇಂದ್ರ ಸರ್ಕಾರದ ನಕಾಶೆ ಇಲಾಖೆ ಸರ್ವೆ ಆಫ್ ಇಂಡಿಯಾದ ಹಳೇ ಒಂದಿಂಚಿನ ನಕಾಶೆ ಹಾಳೆಯೇ ಬೇಕು. ಹೈದರಾಬಾದಿನ ಹಳೇ ಪುಸ್ತಕದಂಗಡಿಯಲ್ಲಿ ಅದು ಸಿಕ್ಕ ಮೇಲೆ ಉಳಿದೆರಡನ್ನು, ಅಂದರೆ ಅಮೆರಿಕದ ಸೇನೆಯ ನಕಾಶೆ ಮತ್ತು ಸರ್ವೆಯವರ ಈಗಿನ ಪಿಡಿಎಫ್, ಮುಟ್ಟಿದ್ದು ಕಡಿಮೆ.

ಒಂದು ಮೈಲಿ ನೆಲ ಒಂದಿಂಚಿನಲ್ಲಿ. ವರ್ಷವಿಡೀ ನೀರಿರುವ ಕೆರೆಗೆ ನೀಲಿ ಬಣ್ಣ, ಬತ್ತುವ ಕೆರೆಗೆ ಬರೀ ಕಪ್ಪು ಗೆರೆ. ಏರಿ ಯಾವ ಕಡೆ ಅಂತಲೂ ತಿಳಿಯುತ್ತದೆ. ಜಾಲಿ ಬೆಳೆದ ಹೊಲದಲ್ಲಿ ನಿಂತು ಹಾಳೆ ಬಿಚ್ಚಿದರೆ, ಎದುರಿಗಿನ ಮಣ್ಣಿನ ದಿಬ್ಬ ಸುಮ್ನೆ ದಿಬ್ಬವಲ್ಲ, ಕೆರೆ ಏರಿ ಅಂತ ಗೊತ್ತಾಗುತ್ತದೆ.

ಕಾಟ ಒಂದೇ, ಆದರೆ ದೊಡ್ಡದು. 17 ಡಿಗ್ರಿ ಅಕ್ಷಾಂಶ, 77 ಡಿಗ್ರಿ ರೇಖಾಂಶ ಕೂಡುವುದು ವಾಡಿಯಿಂದ ಸ್ವಲ್ಪವೇ ದಕ್ಷಿಣಕ್ಕೆ. ಹಾಳೆಗಳು ಈ ಗೆರೆಗಳ ಮೇಲೇ ಮುಗಿಯುವುದರಿಂದ ನಾಲ್ಕು ಹಾಳೆಗಳ ಮೂಲೆ ಅಲ್ಲೇ. ವಾಡಿ ಇರುವುದು 56ಸಿ/16 ಸಂಖ್ಯೆಯ ಹಾಳೆಯ ಕೆಳಗಿನ ಬಲ ತುದಿಯಲ್ಲಿ. ಸಿಕಂದರಾಬಾದ್ ಲೈನ್ ಹಿಡಿದು ಚೂರು ಮುಂದೆ ಹೋದರೆ 56ಜಿ/4 ಬೇಕು. ಯಾದಗಿರಿಗೆ 56ಎಚ್/1. ಹಳಿಯ ಪಶ್ಚಿಮದ ಹಳ್ಳಿಗಳಿಗೆ 56ಡಿ/13. ಜಂಕ್ಷನ್ ಇರುವ ಜಾಗದಲ್ಲೇ ನಕಾಶೆ ಮುಗಿದರೆ ಹೇಗೆ ಹೇಳಿ!

ಜೋಡಿಸೋಣವೆಂದರೆ ಸುತ್ತ ಬಿಳಿ ಅಂಚು. ಜೆರಾಕ್ಸ್ ಅಂಗಡಿಯವರು "ಕತ್ತರಿಸಿ ಬಿಡ್ರಿ ಸರ, ಏನಾಗ್ತದ" ಅಂದರು. ಆದರೆ ಸರ್ವೆ ಮಾಡಿದ ವರ್ಷ, ಗುರುತುಗಳ ಅರ್ಥ, ಅಳತೆಪಟ್ಟಿ ಎಲ್ಲ ಆ ಅಂಚಿನಲ್ಲೇ ಇರುವುದು. ಹಾಗಾಗಿ ಹಿಂದಕ್ಕೆ ಮಡಚಿ ಕ್ಲಿಪ್ ಹಾಕುತ್ತೇನೆ. ಗಾಳಿ ಬೀಸಿದರೆ ಮುಗೀತು.

ಅಮೆರಿಕದ ಸೇನೆಯ ಯು502 ಎಂಬ ನಕಾಶೆ ಸರಣಿಯಲ್ಲಿ ಈ ತಾಪತ್ರಯ ಕಡಿಮೆ. ಹಾಳೆ ಒಂದೂವರೆ ಡಿಗ್ರಿ ಅಗಲ. ಕಲಬುರಗಿ, ಯಾದಗಿರಿ ಊರುಗಳು ಎರಡೇ ಹಾಳೆಯಲ್ಲಿ ಮುಗಿಯುತ್ತವೆ. ಟೆಕ್ಸಾಸ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಆದರೆ ಒಂದು ಸೆಂಟಿಮೀಟರಿಗೆ ಎರಡೂವರೆ ಕಿಲೋಮೀಟರ್! ಊರ ಕೆರೆ ಕಂಡರೂ ಒಂದು ಚುಕ್ಕೆ.

ಸರ್ವೆಯವರ ಈಗಿನ 1:50,000 (ಒಂದು ಸೆಂಟಿಮೀಟರಿಗೆ ಅರ್ಧ ಕಿಲೋಮೀಟರ್) ಪಿಡಿಎಫ್ ಕೂಡ ಪುಕ್ಕಟೆ. ಜಿಪಿಎಸ್ ಜೊತೆ ಚೆನ್ನಾಗಿ ಹೊಂದುತ್ತದೆ. ಮೂಲೆಯ ಕಾಟ ಇದರಲ್ಲೂ ಇದೆ. ಹಳೇ ಕಾಲ ಮಾತ್ರ ಇಲ್ಲ.

ರೈಲಿನ ಮಟ್ಟಿಗೆ ಮೂರೂ ಸರಿ. ಮುಂಬೈ ಕಡೆಯ ಹಳಿ 1871ಕ್ಕೇ ರಾಯಚೂರು ಮುಟ್ಟಿತ್ತು, ನಿಜಾಮರ ಸಿಕಂದರಾಬಾದ್ ಲೈನ್ 1874ರದ್ದು. 2017ರಲ್ಲಿ ಶುರುವಾದ ಕಲಬುರಗಿ–ಬೀದರ್ ಲೈನನ್ನು ಹಳೇದರಲ್ಲಿ ಹುಡುಕಬೇಡಿ ಅಷ್ಟೇ.

ನನಗೆ ಪೆನ್ಸಿಲಿನಲ್ಲಿ ಗುರುತು ಹಾಕುವ ಅಭ್ಯಾಸ, ಹಾಗಾಗಿ ಕಾಗದ ಬೇಕೇ ಬೇಕು. ಮೊಬೈಲ್ ಸಾಕು ಅನ್ನುವವರು ದುಡ್ಡು ಹಾಕಬೇಡಿ. ನಾಲ್ಕೂ ಹಾಳೆ ಕೊಳ್ಳುವುದು ಜಾಸ್ತಿಯಾದರೆ ಮೊದಲು 56ಎಚ್/1 ತಗೊಳ್ಳಿ. ಯಾದಗಿರಿ ಸುತ್ತಲಿನದ್ದೇ ಮುಗಿಸಲು ಸುಮಾರು ದಿನ ಬೇಕು.