ಮಚು ಪಿಚುಗೆ ರೈಲೋ, ರಸ್ತೆಯೋ?

ಮೇ ತಿಂಗಳಲ್ಲಿ ನಾವು ನಾಲ್ವರು ಗೆಳೆಯರು ಒಂಬತ್ತು ದಿನ ಪೆರುವಿನಲ್ಲಿದ್ದೆವು. ಕುಸ್ಕೊ ನಗರದಿಂದ, ಬೆಟ್ಟದ ಮೇಲಿನ ಹಳೆಯ ಇಂಕಾ ನಗರ ಮಚು ಪಿಚುಗೆ ಹೇಗೆ ಹೋಗುವುದು ಅನ್ನುವುದೊಂದರಲ್ಲಿ ಮಾತ್ರ ಒಪ್ಪಂದ ಆಗಲಿಲ್ಲ. ಇಬ್ಬರಿಗೆ ರೈಲು ಬೇಕು, ಉಳಿದ ನಮ್ಮಿಬ್ಬರಿಗೆ ರಸ್ತೆ. ಕೊನೆಗೆ ಹೋಗುವಾಗ ಅವರವರ ದಾರಿ, ಬರುವಾಗ ಅದಲುಬದಲು ಅಂತ ತೀರ್ಮಾನವಾಯಿತು. ಅದೇ ಒಳ್ಳೆಯದಾಯಿತು, ಎರಡರ ರುಚಿಯೂ ಸಿಕ್ಕಿತು.

ಮೊದಲು ದಾರಿ ಹೇಳಿಬಿಡುತ್ತೇನೆ. ಮಚು ಪಿಚುವಿನ ಬುಡದಲ್ಲಿ ಆಗ್ವಾಸ್ ಕಾಲಿಯೆಂತೆಸ್ ಅನ್ನುವ ಪುಟ್ಟ ಊರಿದೆ. ಹೊರಗಿನಿಂದ ಅಲ್ಲಿಗೆ ಗಾಡಿ ಹೋಗುವ ರಸ್ತೆಯೇ ಇಲ್ಲ. ಕುಸ್ಕೊದಿಂದ ಬರುವ ದಾರಿಯಲ್ಲಿ ಸಿಗುವ ಒಯಾಂತಾಯ್ತಾಂಬೊ ಊರಿನಲ್ಲಿ ರೈಲು ಹತ್ತಿದರೆ ಸುಮಾರು ಒಂದೂಮುಕ್ಕಾಲು ಗಂಟೆ. ಇಲ್ಲವೇ ಕುಸ್ಕೊದಿಂದ ವ್ಯಾನ್ ಹಿಡಿದು, ಬೆಟ್ಟ ಸುತ್ತಿ, ಆರೇಳು ಗಂಟೆ ಕೂತು ಜಲವಿದ್ಯುತ್ ಕೇಂದ್ರದ ಹತ್ತಿರ ಇಳಿಯಬೇಕು. ಅಲ್ಲಿಂದ ರೈಲು ಹಳಿಯ ಪಕ್ಕದಲ್ಲೇ ಸುಮಾರು 10 ಕಿಲೋಮೀಟರ್ ನಡಿಗೆ.

ದುಡ್ಡಿನ ಲೆಕ್ಕದಲ್ಲಿ ಹೋಲಿಕೆಯೇ ಇಲ್ಲ. ರೈಲಿಗೆ ಒಂದು ಕಡೆಗೇ 60 ಡಾಲರ್ ದಾಟಿತು. ವ್ಯಾನಿಗೆ ಅದರ ಕಾಲು ಭಾಗವೂ ಆಗಲಿಲ್ಲ.

ಆದರೆ ವ್ಯಾನಿನಲ್ಲಿ ದೇಹ ತೆರುವ ಬೆಲೆ ಬೇರೆ. ಕುಸ್ಕೊ ಇರುವುದು 3,400 ಮೀಟರ್ ಎತ್ತರದಲ್ಲಿ. ವ್ಯಾನ್ ಅಲ್ಲಿಂದ ಕಣಿವೆಗಿಳಿದು, ಮತ್ತೆ ಹಾವಿನ ಹಾಗೆ ತಿರುಗುತ್ತಾ 4,300 ಮೀಟರ್ ಮೇಲಿನ ಮಾಲಗಾ ಕಣಿವೆದಾರಿಗೆ ಹತ್ತುತ್ತದೆ. ನನ್ನ ಗೆಳತಿಗೆ ಅಲ್ಲಿ ತಲೆನೋವು, ಎರಡು ಸಲ ವಾಂತಿ. ಕುಸ್ಕೊದಲ್ಲಿ ಮೂರು ದಿನ ಕಳೆದು ಮೈ ಹೊಂದಿಸಿಕೊಂಡಿದ್ದರೂ ಹೀಗಾಯಿತು. ಸಾಂತಾ ಮರಿಯಾ ಅನ್ನುವ ಊರು ದಾಟಿದ ಮೇಲೆ ಮಣ್ಣಿನ ರಸ್ತೆ, ಒಂದು ಪಕ್ಕ ಪ್ರಪಾತ. ಎದುರಿಗೆ ಗಾಡಿ ಬಂದಾಗಲೆಲ್ಲ ನಾನು ಮುಂದಿನ ಸೀಟು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದೆ.

ಇಷ್ಟಾದರೂ ಆ ದಿನವನ್ನು ನಾನು ಬಿಟ್ಟುಕೊಡಲಾರೆ. ಬೆಳಿಗ್ಗೆ ಒಂಬತ್ತಕ್ಕೆ ವೆರೋನಿಕಾ ಹಿಮಶಿಖರದ ಎದುರು ಜಾಕೆಟ್ ಒಳಗೆ ನಡುಗುತ್ತಿದ್ದೆವು. ಮಧ್ಯಾಹ್ನದ ಹೊತ್ತಿಗೆ ಬಾಳೆ, ಬೆಣ್ಣೆಹಣ್ಣು, ಕಾಫಿ ಗಿಡ! ಮಡಿಕೇರಿ ಕಡೆ ಎಲ್ಲೋ ಇಳಿದ ಹಾಗನ್ನಿಸಿತು. ಒಂದೇ ದಿನದಲ್ಲಿ ಆಂಡಿಸ್ ಬೆಟ್ಟ ಮಂಜಿನಿಂದ ತೋಟದವರೆಗೆ ಇಳಿಯುವುದನ್ನು ಕಣ್ಣಾರೆ ನೋಡಬೇಕಾದರೆ ಈ ದಾರಿಯೇ ಆಗಬೇಕು. ಆಮೇಲಿನ ನಡಿಗೆ ಇನ್ನೂ ಚೆನ್ನ. ದಾರಿ ಹೆಚ್ಚುಕಡಿಮೆ ಸಮತಟ್ಟು, ಪಕ್ಕದಲ್ಲಿ ಉರುಬಾಂಬಾ ನದಿಯ ಸದ್ದು. ಹಾರ್ನ್ ಕೇಳಿದರೆ ಪಕ್ಕಕ್ಕೆ ಸರಿದು ನಿಲ್ಲಬೇಕು. ಶುರುವಿನಲ್ಲೇ ಒಂದು ಕಡೆ ತಲೆ ಎತ್ತಿ ನೋಡಿದರೆ, ಬೆಟ್ಟದ ನೆತ್ತಿಯಲ್ಲಿ ಇಂಕಾಗಳ ಕಲ್ಲಿನ ಗೋಡೆ ಗೆರೆಯ ಹಾಗೆ ಕಾಣುತ್ತದೆ. 15ನೇ ಶತಮಾನದಲ್ಲಿ ಕಟ್ಟಿದ್ದು. ನಾವಿಬ್ಬರೂ ಮಾತಿಲ್ಲದೆ ನಿಂತುಬಿಟ್ಟೆವು. ತುಂಬು ತೋಳಿನ ಅಂಗಿ ಮಾತ್ರ ಮರೆಯಬೇಡಿ. ಅಲ್ಲಿನ ಸಣ್ಣ ನೊಣಗಳು ಕಚ್ಚಿದರೆ ವಾರವಾದರೂ ಕೆರೆತ ಹೋಗುವುದಿಲ್ಲ.

ರೈಲಿನವರ ಕಥೆ ಚಿಕ್ಕದು. ಚಾವಣಿಯಲ್ಲೂ ಗಾಜು, ಬಿಸಿ ಪಾನೀಯ, ಆರಾಮದ ಸೀಟು. ಸಣ್ಣ ಬ್ಯಾಗು ಮಾತ್ರ ಒಯ್ಯಬಹುದು, ದೊಡ್ಡದನ್ನು ಕುಸ್ಕೊದ ಹೋಟೆಲಿನಲ್ಲೇ ಬಿಟ್ಟಿದ್ದರು. ನಾವು ಸಂಜೆ ಕಾಲೆಳೆಯುತ್ತಾ ಊರು ಸೇರಿದಾಗ ಅವರು ಸ್ನಾನ ಮುಗಿಸಿ ಕಿನೋವಾ ಸೂಪ್ ಕುಡಿಯುತ್ತಿದ್ದರು. ಆ ಊರೇ 2,040 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಮರುದಿನ ಬೆಳಿಗ್ಗೆ ಅವರು ಮೆಟ್ಟಿಲು ಹತ್ತಿಯೇ ಮಚು ಪಿಚು ಮುಟ್ಟಿದರು. ನಾವು ಬಸ್ಸಿಗೆ ಸಾಲು ನಿಂತೆವು.

ವಾಪಸ್ ಬರುವಾಗ ನಿಜವಾದ ವ್ಯತ್ಯಾಸ ಗೊತ್ತಾಯಿತು. ವ್ಯಾನುಗಳು ಮಧ್ಯಾಹ್ನ ಎರಡೂವರೆ, ಮೂರರ ಹೊತ್ತಿಗೆ ಹೊರಡುತ್ತವೆ. ಅದನ್ನು ಹಿಡಿಯಲು ಗೆಳೆಯರು ಹತ್ತು ಗಂಟೆಗೆಲ್ಲ ಮಚು ಪಿಚು ಬಿಟ್ಟು ಇಳಿಯಬೇಕಾಯಿತು. ಅಷ್ಟು ದೂರದಿಂದ ಬಂದು, ಅಲ್ಲೇ ಅವಸರ! ಆಮೇಲೆ ಕತ್ತಲಲ್ಲಿ, ಮಂಜಿನಲ್ಲಿ ಆ ಕಣಿವೆದಾರಿ. ಕುಸ್ಕೊ ತಲುಪಿದಾಗ ರಾತ್ರಿ ಹತ್ತು. ನಮಗೆ ಹಾಗಾಗಲಿಲ್ಲ, ಟಿಕೆಟ್ಟಿನ ಹೊತ್ತು ಮುಗಿಯುವವರೆಗೂ ಮೇಲೆಯೇ ಇದ್ದೆವು. ಆದರೆ ಸಂಜೆ ಆರರ ಮೇಲಿನ ರೈಲು ತೆಗೆದುಕೊಂಡಿದ್ದು ತಪ್ಪಾಯಿತು. ಅಷ್ಟರಲ್ಲಿ ಪೂರ್ತಿ ಕತ್ತಲೆ. ಅಷ್ಟು ದೊಡ್ಡ ಗಾಜಿನಲ್ಲಿ ಕಂಡಿದ್ದು ನಮ್ಮ ಮುಖ ಮಾತ್ರ. ಕಿಟಕಿಗೆ ಅಂತಲೇ ಜಾಸ್ತಿ ದುಡ್ಡು ಕೊಟ್ಟಿರುತ್ತೇವೆ, ಅಲ್ವಾ?

ಹಾಗಾಗಿ ನನ್ನ ಆಯ್ಕೆ: ಹೋಗುವಾಗ ರಸ್ತೆ ಮತ್ತು ನಡಿಗೆ, ಬರುವಾಗ ಮೂರು ಗಂಟೆ ಆಸುಪಾಸಿನ ರೈಲು. ಗೆಳೆಯರ ಜೊತೆ, ಕಾಲಲ್ಲಿ ಶಕ್ತಿ ಇರುವವರಿಗೆ ಇದು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಮಳೆಯಲ್ಲಾದರೆ ರಸ್ತೆಯ ಮಾತೇ ಬೇಡ, ಗುಡ್ಡ ಕುಸಿಯುತ್ತದೆ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವಿರಾದರೆ ಎರಡು ಕಡೆಗೂ ಹಗಲಿನ ರೈಲೇ ತೆಗೆದುಕೊಳ್ಳಿ. ಹೋಗುವಾಗ ಎಡಗಡೆ ಕಿಟಕಿ ಕೇಳಿ, ನದಿ ಆ ಕಡೆ ಇರುತ್ತದೆ.