ಟೋಪಿ ಕೊಂಡೆ, ಟೋಪಿ ಹಾಕಿಸಿಕೊಂಡೆ: ಲೇಹ್‌ಗೆ ಓಡಲು ಹೊರಟವರು ದಯವಿಟ್ಟು ಓದಿ

ನಗಬೇಡಿ. ಮನೆಯಲ್ಲಿ ಎಲ್ಲರೂ ನಕ್ಕಾಗಿದೆ. ಟೋಪಿಗೆ 1,450, ಗ್ಲೌಸ್‌ಗೆ 2,200, ಒಟ್ಟು 3,650 ರೂಪಾಯಿ ಕೊಟ್ಟು ಟೋಪಿ ಹಾಕಿಸಿಕೊಂಡವನು ನಾನೇ. ಅಮ್ಮ ಹೇಳಿದ್ದು ಒಂದೇ ಮಾತು: "ಮನೇಲಿ ಮಂಕಿ ಕ್ಯಾಪ್ ಇರ್ಲಿಲ್ವೇನೋ?" ಇತ್ತು. ಅದನ್ನೇ ಹಾಕಿಕೊಂಡು ಹೋಗಿದ್ದರೆ ಚೆನ್ನಾಗಿತ್ತು.

ಹೋದ ಸೆಪ್ಟೆಂಬರ್‌ನಲ್ಲಿ ಲಡಾಖ್ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೆ. ಬೆಂಗಳೂರಿನಲ್ಲಿ ಓಡುವ ನಮಗೆ ಚಳಿ ಏನು ಗೊತ್ತು? ಡಿಸೆಂಬರ್ ಬೆಳಿಗ್ಗೆ ಕಬ್ಬನ್ ಪಾರ್ಕಿನಲ್ಲಿ 15 ಡಿಗ್ರಿ ಇದ್ದರೆ ಅದೇ ದೊಡ್ಡ ಚಳಿ. ಲೇಹ್ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಸೆಪ್ಟೆಂಬರ್ ನಸುಕಿನಲ್ಲಿ ಅಲ್ಲಿ ಕೈ ಜೇಬಿನಿಂದ ಹೊರಗೆ ಬರಲ್ಲ. ಬಿಸಿಲು ಬಿತ್ತೋ, ಸ್ವಲ್ಪ ಹೊತ್ತಿಗೆಲ್ಲ ಬೆವರು. ಎರಡಕ್ಕೂ ಆಗುವ ಟೋಪಿ, ಗ್ಲೌಸ್ ಬೇಕಿತ್ತು.

ಇನ್‌ಸ್ಟಾಗ್ರಾಮ್‌ನಲ್ಲಿ ಒಂದು ಪೇಜ್ ಕಾಣಿಸಿತು. ನಮ್ಮ ಊರಿನದ್ದೇ, ಕನ್ನಡದಲ್ಲೇ ಮಾತಾಡ್ತಾರೆ. ಅದೇ ನೋಡಿ, ಕನ್ನಡ ಕೇಳಿದ ಕೂಡಲೇ ನಂಬಿಬಿಟ್ಟೆ. ಫೋನ್ ಮಾಡಿ ಬಿಡಿಸಿ ಬಿಡಿಸಿ ಕೇಳಿದೆ. ಲೇಹ್‌ಗೆ ಹೋಗ್ತಿದ್ದೀನಿ, 42 ಕಿಲೋಮೀಟರ್ ಓಡ್ಬೇಕು, ಇದು ನಿಜವಾಗ್ಲೂ ಮೆರಿನೋ ಕುರಿ ಉಣ್ಣೆನಾ?

"ಹಂಡ್ರೆಡ್ ಪರ್ಸೆಂಟ್ ಬ್ರೋ. ಕಣ್ಣು ಮುಚ್ಕೊಂಡು ತಗೊಳ್ಳಿ."

ಕಣ್ಣು ಮುಚ್ಚಿಕೊಂಡೇ ತಗೊಂಡೆ. ಫೋನಿನಲ್ಲಿ ಪಾಠ ಬೇರೆ ಮಾಡಿದ. ಮೈ ಶಾಖದಲ್ಲಿ ಅರ್ಧಕ್ಕರ್ಧ ತಲೆಯಿಂದಲೇ ಹೋಗುತ್ತಂತೆ, ಅದಕ್ಕೆ ಟೋಪಿ ದಪ್ಪ ಇರಬೇಕಂತೆ. ಇದು ಸುಳ್ಳು ಅಂತ 2008ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಬ್ಬರು ವೈದ್ಯರು ಬರೆದಿದ್ದಾರೆ. ತಲೆಯಿಂದ ಹೋಗುವುದು ಹೆಚ್ಚುಕಮ್ಮಿ ಹತ್ತರಲ್ಲೊಂದು ಪಾಲು. ನಾನು ಅದನ್ನು ಓದಿದ್ದು ವಾಪಸ್ ಬಂದ ಮೇಲೆ.

ಗ್ಲೌಸ್ ಹೊರಗೆ ರೆಕ್ಸಿನ್ ತರಹ, ಒಳಗೆ ಮೆತ್ತನೆ ಅಸ್ತರು. ಹಾಕಿಕೊಂಡರೆ ಬೆಚ್ಚಗೆ, ಆಹಾ. ಓಟ ಶುರುವಾಗುವ ಮೊದಲು ಎಲ್ಲರೂ ಕೈ ಉಜ್ಜಿಕೊಳ್ಳುತ್ತಿದ್ದರೆ ನಾನು ರಾಜನ ಹಾಗೆ ನಿಂತಿದ್ದೆ. ಆರನೇ ಕಿಲೋಮೀಟರ್‌ಗೆ ಒಳಗೆಲ್ಲ ಬೆವರು. ರೆಕ್ಸಿನ್ ಬೆವರನ್ನು ಹೊರಗೆ ಬಿಡಲ್ಲ ಅಲ್ವಾ, ಬೆರಳು ನೀರಲ್ಲಿ ನೆನೆಸಿಟ್ಟ ಹಾಗಾಯಿತು. ಚಿಕ್ಕಿ ತಿನ್ನೋಣ ಅಂತ ಬಲಗೈ ಗ್ಲೌಸ್ ಎಳೆದೆ. ಕೈ ಜೊತೆ ಒಳಗಿನ ಅಸ್ತರೂ ಹೊರಗೆ ಬಂತು! ಐದು ಬೆರಳಿನ ಅಸ್ತರು, ಕೋಳಿ ಕಾಲಿನ ಹಾಗೆ ನೇತಾಡುತ್ತಿದೆ. ಮತ್ತೆ ತುರುಕಲು ನೋಡಿದೆ, ಆಗಲಿಲ್ಲ. ಕಿರುಬೆರಳು ಉಂಗುರ ಬೆರಳಿನ ಜಾಗಕ್ಕೆ ಹೋಗುತ್ತೆ, ಹೆಬ್ಬೆರಳಿಗೆ ಜಾಗವೇ ಇಲ್ಲ. ಒದ್ದೆ ಕೈಗೆ ಆ ಗಾಳಿ ತಾಗಿದಾಗ ಏನಾಯಿತು ಅಂತ ಹೇಳಲ್ಲ. ಚಿಕ್ಕಿ ಪೊಟ್ಟಣವನ್ನು ಹಲ್ಲಿನಲ್ಲಿ ಹರಿದೆ, ಅರ್ಧ ರಸ್ತೆಗೆ ಬಿತ್ತು.

ಪಕ್ಕದಲ್ಲಿ ಒಬ್ಬರು ಆರಾಮಾಗಿ ಓಡುತ್ತಿದ್ದರು. ಅವರ ಕೈಯಲ್ಲಿ ಏನಿತ್ತು ಗೊತ್ತಾ? ಹಳೇ ಉಲ್ಲನ್ ಸಾಕ್ಸ್! ಬಿಸಿಲು ಬಂದ ಮೇಲೆ ಅದನ್ನು ತೆಗೆದು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡರು. ನಾನು ಆ ದರಿದ್ರ ಗ್ಲೌಸನ್ನು ಲೇಹ್ ಪೇಟೆವರೆಗೂ ಕೈಯಲ್ಲಿ ಹಿಡಿದುಕೊಂಡೇ ಏರು ಹತ್ತಿದೆ. ಟೋಪಿಯೂ ಅಷ್ಟೇ, ಬೆವರು ಕುಡಿದು ತಣ್ಣಗೆ ಹಣೆಗೆ ಅಂಟಿಕೊಂಡಿತ್ತು.

ಮನೆಗೆ ಬಂದು ಟೋಪಿಯಿಂದ ಒಂದು ಎಳೆ ಕಿತ್ತು ಗ್ಯಾಸ್ ಒಲೆಗೆ ಹಿಡಿದೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು, ಮುಟ್ಟಿದರೆ ಪುಡಿಯಾಗಬೇಕು. ಇದು ಕರಗಿ, ಮುದುಡಿ, ತುದಿಯಲ್ಲಿ ಕಪ್ಪು ಗುಂಡು ಕಟ್ಟಿತು. ಸಾಸಿವೆ ಕಾಳಿನಷ್ಟು, ಗಟ್ಟಿ. ಅಜ್ಜಿಯ ಹಳೇ ಮಫ್ಲರ್‌ನಿಂದಲೂ ಒಂದು ಎಳೆ ಸುಟ್ಟೆ. ಕೂದಲಿನ ವಾಸನೆ, ಬೆರಳಲ್ಲಿ ಉಜ್ಜಿದರೆ ಬೂದಿ. ಅಮ್ಮ ಒಳಗಿನಿಂದ, "ಪ್ಲಾಸ್ಟಿಕ್ ಸುಟ್ಟ ವಾಸನೆ, ಏನೋ ಅದು?" ಅಂದರು. ಪ್ಲಾಸ್ಟಿಕ್ಕೇ ಅಮ್ಮಾ. 1,450 ರೂಪಾಯಿ ಪ್ಲಾಸ್ಟಿಕ್.

ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದೆ. ಉತ್ತರಗಳನ್ನು ಇದ್ದ ಹಾಗೇ ಹಾಕ್ತೀನಿ.

"ವಾಶಿಂಗ್ ಮೆಷಿನ್‌ಗೆ ಹಾಕಿದ್ರಾ ಬ್ರೋ?"

ಇಲ್ಲ ಅಂದೆ.

"ಪೋಸ್ಟಲ್ಲಿ ಮೆರಿನೋ ಫೀಲ್ ಅಂತ ಹಾಕಿದ್ದೀವಿ ಬ್ರೋ. ಮೆರಿನೋ ಅಂತ ಎಲ್ಲೂ ಹಾಕಿಲ್ಲ."

ಮತ್ತೆ ಹೋಗಿ ನೋಡಿದೆ. ಹೌದು. ಮೆರಿನೋ ದೊಡ್ಡ ಅಕ್ಷರದಲ್ಲಿ, ಅದರ ಕೆಳಗೆ ಇರುವೆ ಗಾತ್ರದಲ್ಲಿ ಫೀಲ್. ಫೀಲ್! ಆಗ ನನಗೆ ಆದ ಫೀಲ್ ಬರೆದರೆ ಈ ಬರಹ ನಿಲ್ಲಲ್ಲ. ಫೋನಲ್ಲಿ ಹಂಡ್ರೆಡ್ ಪರ್ಸೆಂಟ್ ಅಂದ್ರಲ್ಲ ಅಂತ ಕೇಳಿದೆ.

"ಫೋನಲ್ಲಿ ಯಾರು ಹೇಳಿದ್ರೋ ಗೊತ್ತಿಲ್ಲ. ಲೇಹ್‌ಗೆ ಅಂತ ಹೇಳಿದ್ರೆ ಬೇರೆ ಕೊಡ್ತಿದ್ವಿ. ಏಳು ದಿನ ಆದ್ಮೇಲೆ ರಿಟರ್ನ್ ಇಲ್ಲ."

ಲೇಹ್‌ಗೆ ಅಂತ ಅದೇ ಚಾಟಿನಲ್ಲಿ ಮೂರು ಸಲ ಬರೆದಿದ್ದೇನೆ. ಅದನ್ನು ತೋರಿಸಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ. 1915ಕ್ಕೆ, ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿದೆ. ಬಿಲ್ ಇದೆಯಾ ಅಂದರು. ಎಲ್ಲಿಂದ ತರಲಿ? ಒಬ್ಬರ ಹೆಸರಿಗೆ ಯುಪಿಐ ಮಾಡಿದ್ದೆ ಅಷ್ಟೇ. ಇರೋದನ್ನೇ ಕೊಟ್ಟು ದೂರು ಬರೆಸಿದ್ದೇನೆ, ನೋಡೋಣ.

ಆದ್ದರಿಂದ ಬಿಲ್ ಇಲ್ಲದೆ ಒಂದು ರೂಪಾಯಿನೂ ಕೊಡಬೇಡಿ. ಒಳಗಿನ ಲೇಬಲ್‌ನಲ್ಲಿ ಏನು ಬರೆದಿದೆ ಓದಿ. ಕತ್ತರಿಸಿದ್ದರೆ ಅಲ್ಲೇ ಇಟ್ಟು ಬನ್ನಿ. ನನ್ನದು ಅರ್ಧ ಕತ್ತರಿಸಿತ್ತು, ನಾನು ನೋಡಲೇ ಇಲ್ಲ. ಗ್ಲೌಸ್ ಹಾಕಿಕೊಂಡು ಶೂ ಲೇಸ್ ಕಟ್ಟಿ ನೋಡಿ, ಕೈ ಒದ್ದೆ ಮಾಡಿಕೊಂಡು ಹಾಕಿ ತೆಗೆದು ನೋಡಿ. ಅಂಗಡಿಯವನು ಬೈದರೆ ಬೈಯಲಿ. ಬೆರಳಿಗೆ ಬಿಗಿ ಇದ್ದರೆ ಬೇಡ, ರಕ್ತ ಓಡಲ್ಲ, ಇನ್ನೂ ತಣ್ಣಗಾಗುತ್ತೆ. ಚಳಿ ಜಾಸ್ತಿ ತಡೆಯಲ್ಲ ಅನ್ನುವವರು ನಾಲ್ಕೂ ಬೆರಳು ಒಂದೇ ಗೂಡಿನಲ್ಲಿ ಇರುವ ಥರದ್ದು ತಗೊಳ್ಳಿ, ಒಂದರ ಬಿಸಿ ಇನ್ನೊಂದಕ್ಕೆ ತಾಗುತ್ತೆ. ಆ ಸಾಕ್ಸ್ ಮನುಷ್ಯರಿಗೆ ಅದು ಗೊತ್ತಿತ್ತು. ಇಲ್ಲಾಂದ್ರೆ ಲೇಹ್ ಪೇಟೆಯಲ್ಲೇ ಕೊಳ್ಳಿ. ಹವೆ ಒಗ್ಗಲಿ ಅಂತ ಹೇಗೂ ಒಂದು ವಾರ ಮೊದಲೇ ಹೋಗಿರ್ತೀರಿ. ಹಿಂತಿರುಗುವ ದಿನ ಅಲ್ಲಿ ಒಬ್ಬ ಅಜ್ಜಿ ಹತ್ತಿರ ಕೈಯಲ್ಲಿ ಹೆಣೆದ ಗ್ಲೌಸ್ ತಗೊಂಡೆ. ಅದರ ಎಳೆಯನ್ನೂ ಸುಟ್ಟು ನೋಡಿದೆ. ಬೂದಿಯಾಯಿತು.

ಈಗ ನಾಚಿಕೆಯ ವಿಷಯ. ಪಾರ್ಸೆಲ್ ಬಂದ ದಿನವೇ, ಓಡುವ ಮೊದಲೇ, ನೂರು ರೂಪಾಯಿ ಆಫರ್ ಆಸೆಗೆ ಆ ಟೋಪಿ ಹಾಕಿಕೊಂಡು ಫೋಟೊ ಕಳಿಸಿ "ಸೂಪರ್" ಅಂತ ಬರೆದಿದ್ದೆ. ಅದು ಈಗಲೂ ಅವರ ಪೇಜಿನ ಮೇಲುಗಡೆ ಇದೆ. ತೆಗೀರಿ ಅಂದಿದ್ದಕ್ಕೆ, "ನೀವೇ ಕೊಟ್ಟಿದ್ದಲ್ವಾ ಬ್ರೋ?" ಅಂತ ಬಂತು. ಅದನ್ನು ನೋಡಿ ನಮ್ಮ ಓಟದ ಗುಂಪಿನ ಇಬ್ಬರು ಅದೇ ಗ್ಲೌಸ್ ತರಿಸಿದ್ದಾರೆ. ಒಬ್ಬರು ಫೆಬ್ರವರಿಯಲ್ಲಿ ಪ್ಯಾಂಗಾಂಗ್ ಸರೋವರದ ಹೆಪ್ಪುಗಟ್ಟಿದ ನೀರಿನ ಮೇಲೆ ಓಡಲು ಹೋಗುತ್ತಿದ್ದಾರೆ. ಸರ್, ಇದನ್ನು ಓದಿದ್ದರೆ ದಯವಿಟ್ಟು ಆ ಗ್ಲೌಸ್ ಮನೆಯಲ್ಲೇ ಬಿಟ್ಟು ಹೋಗಿ. ಅಜ್ಜಿ ಹೆಣೆದ ನನ್ನ ಜೊತೆಯನ್ನು ಕೊಡ್ತೀನಿ, ಭಾನುವಾರ ಸಿಗೋಣ.