ನಲ್ಲಿಗೆ ಹಾಕುವ ಸಾಫ್ಟನರ್: ಚಿತ್ರದುರ್ಗದ ಬೋರ್ ನೀರಿಗೆ ಆದೀತಾ?

ಬಚ್ಚಲಮನೆ ನಲ್ಲಿಗೆ ಕೂರಿಸುವ, ಒಂದು ಲೀಟರ್ ರೆಸಿನ್ ತುಂಬಿದ ಸಾಫ್ಟನರ್, ಅಂದರೆ ಗಡಸು ನೀರನ್ನು ಮೆದು ಮಾಡುವ ಡಬ್ಬಿಯ ಬಗ್ಗೆ ಈ ಮಾತು. ಒಬ್ಬಿಬ್ಬರಿರುವ ಮನೆಯ ಸ್ನಾನಕ್ಕೆ ತಗೊಳ್ಳಿ. ಕುಡಿಯೋ ನೀರಿಗೂ ಆಗುತ್ತೆ ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ.

ಇದಕ್ಕೆ ಒಂದೇ ಸ್ಟಾರ್ ಕೊಡುವವರ ದೂರು ಸಾಮಾನ್ಯವಾಗಿ "ಟಿಡಿಎಸ್ (ನೀರಿನಲ್ಲಿ ಕರಗಿದ ಒಟ್ಟು ಉಪ್ಪಿನಂಶ) ಇಳೀಲಿಲ್ಲ" ಅನ್ನೋದು. ಅದು ಇಳಿಯೋದೇ ಇಲ್ಲ. ಒಳಗಿರುವ ರೆಸಿನ್ ಅಂದರೆ ರವೆಯಷ್ಟು ಸಣ್ಣ ಪಾಲಿಸ್ಟೈರೀನ್ ಪ್ಲಾಸ್ಟಿಕ್ ಮಣಿಗಳು. ಅವಕ್ಕೆ ಋಣ ಆವೇಶದ ಸಲ್ಫೋನೇಟ್ ಗುಂಪುಗಳು ಸಹವೇಲೆನ್ಸಿಯ ಬಂಧದಲ್ಲಿ ಭದ್ರವಾಗಿ ಅಂಟಿರುತ್ತವೆ. ಅವುಗಳ ಪಕ್ಕದಲ್ಲಿ ಸೋಡಿಯಂ ಅಯಾನು (ಆವೇಶ ಹೊತ್ತ ಕಣ) ಸಡಿಲವಾಗಿ ಕೂತಿರುತ್ತದೆ. ಎರಡು ಧನ ಆವೇಶವಿರುವ ಕ್ಯಾಲ್ಸಿಯಂ ಬಂದರೆ ಎರಡು ಸೋಡಿಯಂ ಎದ್ದು ಜಾಗ ಬಿಡುತ್ತವೆ. ಮೆಗ್ನೀಸಿಯಂ ಕಥೆಯೂ ಅದೇ. ನೀರಿನ ಉಪ್ಪು ಬದಲಾಯಿತೇ ಹೊರತು ಕಡಿಮೆಯಾಗಲಿಲ್ಲ. ಟಿಡಿಎಸ್ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಮಾತ್ರ. ಯಾವ ಅಯಾನು ಅನ್ನೋದು ಅದಕ್ಕೆ ಗೊತ್ತಾಗಲ್ಲ.

ಪರೀಕ್ಷೆ ಸೋಪಿನಿಂದ ಮಾಡಿ. ಸೋಪಿನ ಅಣುವಿನ ತಲೆಗೆ ಆವೇಶವಿದೆ, ಧ್ರುವೀಯವಾದ ನೀರು ಅದನ್ನು ಸುತ್ತುವರಿದು ಕರಗಿಸಿಕೊಳ್ಳುತ್ತದೆ. ಉದ್ದನೆಯ ಬಾಲ ಎಣ್ಣೆ ಜಿಡ್ಡನ್ನು ಹಿಡಿಯುತ್ತದೆ. ಗಡಸು ನೀರಿನಲ್ಲಿ ಒಂದು ಕ್ಯಾಲ್ಸಿಯಂ ಎರಡು ತಲೆಗಳನ್ನು ಬಿಗಿದು ಕಟ್ಟಿಹಾಕುತ್ತದೆ. ಆ ಗಂಟು ಬಿಚ್ಚುವುದು ನೀರಿನ ಕೈಲಾಗದು. ಬಕೆಟ್ ಅಂಚಿಗೆ ಕೂರುವ ಬಿಳಿ ಗಸಿ ಅದೇ. ಬಾಟಲಿಯಲ್ಲಿ ಅರ್ಧ ನೀರು, ಚೂರು ಮೈಸೋಪು ಹಾಕಿ ಕುಲುಕಿ: ನೊರೆ ನಿಂತರೆ ರೆಸಿನ್ ಕೆಲಸ ಮಾಡುತ್ತಿದೆ. ಶಾಂಪೂ ಹಾಕಿ ನೋಡಬೇಡಿ, ಅದು ಗಡಸು ನೀರಲ್ಲೂ ನೊರೆ ಕೊಟ್ಟು ದಾರಿ ತಪ್ಪಿಸುತ್ತೆ.

ನಿಜವಾದ ತೊಂದರೆ ಸಾಮರ್ಥ್ಯದ್ದು. ಒಂದು ಲೀಟರ್ ರೆಸಿನ್ ಸುಮಾರು 50 ಗ್ರಾಂ ಗಡಸುತನ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಹಿಡಿಯಬಲ್ಲದು. ನಿಮ್ಮ ಬೋರ್ ನೀರಿನ ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇದ್ದರೆ 100 ಲೀಟರಿಗೇ ಮುಗಿಯಿತು, ಅಂದರೆ ಐದಾರು ಬಕೆಟ್. 250 ಇದ್ದರೆ ಅದರ ಎರಡರಷ್ಟು. ನಾಲ್ಕು ಜನರ ಮನೆಯಲ್ಲಿ ರೆಸಿನ್ ಚುರುಕು ಮಾಡಲು ದಿನಾ ಉಪ್ಪು ಹಾಕುತ್ತ ಕೂರಬೇಕಾಗುತ್ತೆ. ಅಂಥವರು 10 ಲೀಟರಿಗಿಂತ ಹೆಚ್ಚು ರೆಸಿನ್ ಇರುವುದನ್ನು ಟ್ಯಾಂಕಿನ ಲೈನಿಗೇ ಹಾಕಿಸುವುದು ವಾಸಿ.

ರೆಸಿನ್ ಮತ್ತೆ ಚುರುಕಾಗಲು 150 ಗ್ರಾಂ ಹರಳುಪ್ಪನ್ನು ಒಂದೂವರೆ ಲೀಟರ್ ನೀರಲ್ಲಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, 20ರಿಂದ 30 ನಿಮಿಷ ನಿಧಾನಕ್ಕೆ ಹಾಯಿಸಿ. ಸೋಡಿಯಂ ಕ್ಯಾಲ್ಸಿಯಂನಷ್ಟು ಗಟ್ಟಿ ಹಿಡಿತದ್ದಲ್ಲ, ಗುಂಪುಕಟ್ಟಿ ಬಂದರೇ ಅದನ್ನು ಎಬ್ಬಿಸಲು ಸಾಧ್ಯ. ತೆಳು ಉಪ್ಪುನೀರು ಸುರಿದರೆ ಉಪ್ಪು ದಂಡ. ಗಡಿಬಿಡಿಯಲ್ಲಿ ಸುರಿದರೂ ಅಷ್ಟೇ, ಅಯಾನು ಮಣಿಯ ಒಳಕ್ಕೆ ಹೋಗಿ ಬರಲು ಹೊತ್ತು ಬೇಕು. ಆಮೇಲೆ ಉಪ್ಪಿನ ರುಚಿ ಹೋಗುವವರೆಗೆ ತೊಳೆಯಿರಿ. ಆ ನೀರನ್ನು ಕರಿಬೇವು, ತೆಂಗಿನ ಬುಡಕ್ಕೆ ಬಿಡಬೇಡಿ.

ಕೆಂಪು ಬಣ್ಣಕ್ಕೆ ತಿರುಗುವ ಬೋರ್ ನೀರಾದರೆ ಸಾಫ್ಟನರ್‌ಗೆ ಮುಂಚೆ ಐರನ್ ಫಿಲ್ಟರ್ ಇರಲೇಬೇಕು. ಕಬ್ಬಿಣ ತುಕ್ಕಾಗಿ ಮಣಿಗೆ ಮೆತ್ತಿಕೊಂಡರೆ ಉಪ್ಪುನೀರಿಗೆ ಬಗ್ಗಲ್ಲ. ಟ್ಯಾಂಕ್ ಹತ್ತಡಿ ಮೇಲಿದ್ದರೆ ಸಿಗುವ ಒತ್ತಡ ಸುಮಾರು 0.3 ಬಾರ್ ಅಷ್ಟೇ, ನೀರು ಸಣ್ಣಗೆ ಬರುತ್ತೆ. ಗೀಸರ್‌ಗೆ ಮುಂಚೆ ಕೂರಿಸಿ. ಬಿಸಿನೀರಿಗೆ ರೆಸಿನ್ ತಡೆದರೂ ಪ್ಲಾಸ್ಟಿಕ್ ಡಬ್ಬಿ ತಡೆಯಲ್ಲ.

ಕುಡಿಯಲು ಬೇಡ ಅಂದದ್ದಕ್ಕೆ ಕಾರಣ ಎರಡು. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5. ಫ್ಲೋರೈಡ್ ಋಣ ಅಯಾನು, ಮಣಿಯ ಗುಂಪೂ ಋಣ. ಹಾಗಾಗಿ ಅದು ಸಲೀಸಾಗಿ ದಾಟಿಬಿಡುತ್ತೆ. ಅದಕ್ಕೆ ಆರ್‌ಒ ಇಲ್ಲವೇ ಆಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್ ಬೇಕು. ಇನ್ನೊಂದು, 500ರ ಗಡಸುತನ ತೆಗೆದಾಗ ಲೀಟರಿಗೆ 230 ಮಿಲಿಗ್ರಾಂ ಸೋಡಿಯಂ ಸೇರುತ್ತದೆ. ಬಿಪಿ ಇದ್ದವರಿಗೆ ಇದು ಸಣ್ಣ ಲೆಕ್ಕವಲ್ಲ.

ಪೈಪಿಗೆ ಕಟ್ಟುವ ಮ್ಯಾಗ್ನೆಟ್ ತೋರಿಸಿದರೆ ಸುಮ್ಮನೆ ಎದ್ದು ಬನ್ನಿ, ಅದು ಕ್ಯಾಲ್ಸಿಯಂ ತೆಗೆಯಲ್ಲ. ಕೊಳ್ಳುವಾಗ ಡಬ್ಬಿಯ ಎತ್ತರ ನೋಡದೆ ರೆಸಿನ್ ಎಷ್ಟು ಲೀಟರ್ ಅಂತ ಕೇಳಿ. ಹೇಳದಿದ್ದರೆ ಬೇರೆ ಅಂಗಡಿ ನೋಡಿ.